ತುಮಕೂರು ಸೀಮೆಯ ಪೇಟೆಗಳ ಪುನಾರಚನೆಯೂ ಸಾರ್ವಜನಿಕ ಹಣವೂ

ಪೇಟೆ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಅಂಗಡಿಸಾಲುಗಳುಳ್ಳ ಬೀದಿ ಎಂಬುದು ಒಂದು. ಕೊಳ್ಳುವವರೂ ಮಾರುವವರೂ ನಿತ್ಯವೂ ಕಲೆಯುವ ವಾಡಿಕೆ ಎಂಬುದು ಇನ್ನೊಂದು. ಮೊದಲನೆಯದನ್ನು ಕಲ್ಲು ಗಾರೆಗಳಿಂದ ಕಟ್ಟಬಹುದು, ಕೆಡವಬಹುದು, ಮತ್ತೆ ಕಟ್ಟಬಹುದು. ಎರಡನೆಯದು ಬಹುಕಾಲದ ಜನಸಂಪರ್ಕದಿಂದ ತಾನಾಗಿ ಬೆಳೆದುಬರತಕ್ಕದ್ದು. ಪೇಟೆಯೊಳಗಿನ ಒಂದು ಗೇಣು ನೆಲಕ್ಕೆ ಹೊಲದ ಒಂದು ಎಕರೆಗಿಂತ ಹೆಚ್ಚಿನ ಬೆಲೆ ಬರುವುದು ಈ ಎರಡನೆಯ ಅರ್ಥದ ಪೇಟೆಯಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ಹಾಗಿರುವಾಗ, ಸರ್ಕಾರವಾಗಲಿ ಪುರಸಭೆಯಾಗಲಿ ಸಾರ್ವಜನಿಕ ಹಣವನ್ನು ತೊಡಗಿಸಿ ಒಂದು ವ್ಯಾಪಾರಸ್ಥಳವನ್ನು ಹೊಸದಾಗಿ ರೂಪಿಸಿದರೆ, ಅದರಿಂದ ಹೆಚ್ಚುವ ಬೆಲೆ ಯಾರಿಗೆ ಸಲ್ಲಬೇಕು? ಆ ವೆಚ್ಚವನ್ನು ಯಾರು ಹೊರಬೇಕು? ಎಲ್ಲಿ ಏನನ್ನು ಕಟ್ಟಬೇಕೆಂದು ಯಾರು ತೀರ್ಮಾನಿಸಬೇಕು? ಪ್ರಸ್ತುತ ಪ್ರಬಂಧದಲ್ಲಿ ನಾವು ತುಮಕೂರು, ಗುಬ್ಬಿ, ಕುಣಿಗಲು ಎಂಬ ಮೂರು ಊರುಗಳ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಮೂರು ಊರುಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಗುಬ್ಬಿಯು ವರ್ತಕರ ಸಂತೆಯಿಂದ ಬೆಳೆದ ಊರು. ತುಮಕೂರು ಜಿಲ್ಲೆಯ ಆಡಳಿತದಿಂದಲೂ ಹೆದ್ದಾರಿಯಿಂದಲೂ ಬೆಳೆದು, ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರು ದೂರದಲ್ಲಿದ್ದುಕೊಂಡು ಈಗ ಆ ಮಹಾನಗರದ ಹೊರವಲಯದ ನಗರವೆನ್ನಿಸಿಕೊಳ್ಳುತ್ತಿದೆ. ಕುಣಿಗಲಿನಲ್ಲಿ ಊರಿನ ಮಗ್ಗುಲಲ್ಲೇ ವಿಶಾಲವಾದ ಸರ್ಕಾರಿ ಭೂಮಿ ಇರುವುದರಿಂದ ಪ್ರಶ್ನೆ ಬೇರೊಂದು ರೂಪವನ್ನು ತಳೆದಿದೆ.

೧. ಸಂತೆಯಿಂದ ಪೇಟೆಗೆ

ಕರ್ನಾಟಕದ ಶಾಸನಗಳಲ್ಲಿ ಸಂತೆಯನ್ನು ನೆಲೆಗೊಳಿಸಿದ ಪ್ರಸ್ತಾಪಗಳು ಅಲ್ಲಲ್ಲಿ ದೊರೆಯುತ್ತವೆ. ಹೊಸ ಸಂತೆಯನ್ನು ಕಟ್ಟಿದ ಪಟ್ಟಣಸ್ವಾಮಿಗೆ ಮಾನ್ಯದ ಭೂಮಿಯನ್ನು ಕೊಡುವುದು, ಬಂದು ನೆಲಸುವ ವರ್ತಕರಿಗೂ ಕಸುಬಿನವರಿಗೂ ಕೆಲವು ವರ್ಷಗಳ ಮಟ್ಟಿಗೆ ಸುಂಕವನ್ನು ಬಿಡುವುದು, ಆಮೇಲೆ ಕ್ರಮವಾಗಿ ಏರಿಸುತ್ತ ಹೋಗುವುದು, ಇವು ಅಂದಿನ ಪದ್ಧತಿಯ ಮುಖ್ಯಾಂಶಗಳು. ಅರಸನು ಬೊಕ್ಕಸದಿಂದ ಹಣವನ್ನು ಎತ್ತಿ ಕೊಡುತ್ತಿದ್ದುದು ಕಡಮೆ. ತನಗೆ ಬರಬೇಕಾದುದನ್ನು ಕೆಲವು ಕಾಲ ಬಿಟ್ಟುಕೊಡುತ್ತಿದ್ದನು. ಇಂದಿನ ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ತೆರಿಗೆ ವಿನಾಯಿತಿಯ ಮೂಲಕ ಮಾಡಿದ ಬಂಡವಾಳದ ವೆಚ್ಚ. ಪೇಟೆ ನೆಲೆಗೊಂಡರೆ ಸುಂಕದ ರೂಪದಲ್ಲಿ ಬಿಟ್ಟುದೆಲ್ಲವೂ ಮರಳಿ ಬರುತ್ತಿದ್ದಿತು. ನೆಲೆಗೊಳ್ಳದಿದ್ದರೆ ನಷ್ಟವು ಅರಸನಿಗೂ ಪಟ್ಟಣಸ್ವಾಮಿಗೂ ಸಮನಾಗಿ ತಟ್ಟುತ್ತಿದ್ದಿತು.

ಗುಬ್ಬಿಯ ಬೆಳವಣಿಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ಹೆಸರಾದ ವ್ಯಾಪಾರಸ್ಥಳವೆಂದು ವರ್ಣಿಸಿದ್ದಾನೆ. ಅಲ್ಲಿನ ವಾರದ ಸಂತೆಗೆ ದೂರದೂರದ ವರ್ತಕರು ಬರುತ್ತಿದ್ದರು. ಮಲೆನಾಡಿನ ಅಡಕೆ ಪೂರ್ವದಿಕ್ಕಿಗೆ ಸಾಗುವ ದಾರಿಯಲ್ಲಿ ಗುಬ್ಬಿಯು ನಡುವಣ ತಂಗುದಾಣವಾಗಿದ್ದುದರಿಂದ ಅಡಕೆ, ತೆಂಗು, ಕಂಬಳಿ, ಬಟ್ಟೆ, ಧಾನ್ಯ ಮೊದಲಾದುವು ಅಲ್ಲಿ ಕೈ ಬದಲಾಗುತ್ತಿದ್ದುವು. ಇಷ್ಟು ದೊಡ್ಡ ವ್ಯಾಪಾರಕ್ಕೆ ಅಂದು ಬೇಕಾದ ಕಟ್ಟಡಗಳು ಅತ್ಯಲ್ಪ: ಗಾಡಿ ಬಿಡಲು ಬಯಲು, ಎತ್ತುಗಳಿಗೆ ನೀರು, ವರ್ತಕರ ಉಗ್ರಾಣ. ತುಮಕೂರಿನ ವಿಷಯ ಸ್ವಲ್ಪ ಬೇರೆ. ಈಗಿನ ಊರನ್ನು ಮೈಸೂರು ರಾಜವಂಶದ ಕಂಠೆ ಅರಸು ಕಟ್ಟಿಸಿದನೆಂಬ ಐತಿಹ್ಯವು ಗೆಜೆಟಿಯರಿನಲ್ಲಿ ಉಕ್ತವಾಗಿದೆ. ಹತ್ತೊಂಬತ್ತನೆಯ ಶತಮಾನದ ಕಮಿಷನರುಗಳ ಆಳ್ವಿಕೆಯಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸ್ ತುಮಕೂರಿನಲ್ಲೇ ವಾಸಮಾಡುತ್ತಿದ್ದನು. ಬೆಂಗಳೂರು ರಸ್ತೆಯಲ್ಲಿ ಶಿವಗಂಗೆಯ ಬಳಿಯಿರುವ ಡಾಬಸ್‌ಪೇಟೆ ಇಂದಿಗೂ ಅವನ ಹೆಸರನ್ನು ಉಳಿಸಿಕೊಂಡಿದೆ. ಸಂತೆಯ ದಾರಿಯು ಪೇಟೆಯನ್ನು ಹುಟ್ಟಿಸುವುದರ ಜೊತೆಗೆ, ಅಧಿಕಾರಿಯು ಹಾಕಿಸಿದ ರಸ್ತೆಯೂ ಪೇಟೆಯನ್ನು ಹುಟ್ಟಿಸಬಲ್ಲುದೆಂಬುದು ಆ ಕಾಲದಿಂದ ಸ್ಪಷ್ಟವಾಗತೊಡಗಿತು.

೨. ಪುರಸಭೆಯೂ ಸುಂಕದ ಕಟ್ಟೆಯೂ

ಕಬ್ಬನ್ ಕಮಿಷನರಾಗಿದ್ದ ೧೮೩೪ರಿಂದ ೧೮೬೧ರವರೆಗಿನ ಅವಧಿಯಲ್ಲಿ ಸಾಯರು, ಮೊಹತರ್ಫ ಮುಂತಾದ ಬಾಬುಗಳಡಿ ಬರುತ್ತಿದ್ದ ನೂರಾರು ಸಣ್ಣಪುಟ್ಟ ತೆರಿಗೆಗಳು ರದ್ದಾದುವು. ದಾರಿಯುದ್ದಕ್ಕೂ ಸುಂಕ ತೆರಬೇಕಾಗಿದ್ದ ವರ್ತಕರಿಗೆ ಇದರಿಂದ ಬಹಳ ಅನುಕೂಲವಾಯಿತು. ೧೮೮೪ರಲ್ಲಿ ಬೆಂಗಳೂರಿನಿಂದ ರೈಲುದಾರಿ ತುಮಕೂರನ್ನೂ ಗುಬ್ಬಿಯನ್ನೂ ಮುಟ್ಟಿತು. ೧೮೮೯ರ ಹೊತ್ತಿಗೆ ಹರಿಹರದತ್ತ ಮುಂದುವರಿಯಿತು. ರೈಲು ಗುಬ್ಬಿಗೆ ಮೊದಲು ಲಾಭವನ್ನು ತಂದಿತಾದರೂ, ದಾರಿ ಮುಂದಕ್ಕೆ ಸಾಗಿದ ಮೇಲೆ ಸರಕು ಗುಬ್ಬಿಯಲ್ಲಿ ಇಳಿಯಲೇಬೇಕಾದ ಅವಶ್ಯಕತೆ ಉಳಿಯಲಿಲ್ಲ. ಯಾವ ಪೇಟೆಯೂ ಒಂದೇ ದಾರಿಯನ್ನು ನಂಬಿ ಶಾಶ್ವತವಾಗಿ ಬಾಳಲಾರದೆಂಬ ಪಾಠ ಇಲ್ಲಿದೆ.

ಪುರಸಭೆಗಳು ಏರ್ಪಟ್ಟ ಮೇಲೆ, ಅದರಲ್ಲಿಯೂ ೧೯೦೬ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್ ಜಾರಿಗೆ ಬಂದ ಮೇಲೆ, ಪೇಟೆಯ ಬೀದಿ, ಚರಂಡಿ, ದೀಪ, ಮಾರುಕಟ್ಟೆಗಳ ಹೊಣೆ ಅವುಗಳ ಮೇಲೆ ಬಿದ್ದಿತು. ೧೯೦೧ರಲ್ಲಿ ತುಮಕೂರಿನ ಜನಸಂಖ್ಯೆ ಸುಮಾರು ೧೨,೦೦೦ ಮಾತ್ರ. ಇಷ್ಟು ಸಣ್ಣ ಊರಿನ ಪುರಸಭೆಗೆ ಮನೆತೆರಿಗೆಯಿಂದ ಬರುತ್ತಿದ್ದುದು ಕಡಮೆ. ಊರೊಳಕ್ಕೆ ಬರುವ ಸರಕಿನ ಮೇಲಣ ಆಕ್ಟ್ರಾಯ್ ಸುಂಕವೇ ಇಂತಹ ಪುರಸಭೆಗಳಿಗೆ ಮುಖ್ಯ ಆಧಾರವಾಗಿದ್ದಿತು. ಇದಕ್ಕೆ ಸಂತೆಯ ನೆಲಬಾಡಿಗೆಯ ಹರಾಜು, ಪುರಸಭೆಯ ಮಳಿಗೆಗಳ ಬಾಡಿಗೆ ಮೊದಲಾದುವು ಸೇರುತ್ತಿದ್ದುವು. ಸುಂಕದ ಕಟ್ಟೆಯಲ್ಲಿ ಗಾಡಿಗಳು ಕಾಯಬೇಕಾಗುತ್ತಿದ್ದುದು, ಸುಂಕದವರ ಕಿರುಕುಳ, ಬಡವನು ಕೊಳ್ಳುವ ಪದಾರ್ಥಕ್ಕೂ ತಟ್ಟುವ ಭಾರ, ಇವೆಲ್ಲ ಆ ಪದ್ಧತಿಯ ದೋಷಗಳು. ಆದರೆ ಅದರಲ್ಲಿ ಒಂದು ಗುಣವೂ ಇದ್ದಿತು. ಪೇಟೆ ಬೆಳೆದಷ್ಟೂ ಪುರಸಭೆಯ ಆದಾಯ ಬೆಳೆಯುತ್ತಿದ್ದಿತು. ಪೇಟೆಗೆ ಮಾಡಿದ ವೆಚ್ಚದ ಫಲವನ್ನು ಪುರಸಭೆಯು ತನ್ನ ಲೆಕ್ಕಪುಸ್ತಕದಲ್ಲಿಯೇ ಕಾಣಬಹುದಾಗಿದ್ದಿತು.

ಈ ತತ್ತ್ವದ ಮೇಲೆಯೇ ಹೊರನಾಡಿನಲ್ಲಿ ಅತಿ ದೊಡ್ಡ ಪ್ರಯೋಗವೊಂದು ನಡೆದಿದ್ದಿತು. ೧೮೫೩ರಿಂದ ೧೮೭೦ರವರೆಗೆ ಪ್ಯಾರಿಸ್ ಆಡಳಿತದ ಮುಖ್ಯಾಧಿಕಾರಿಯಾಗಿದ್ದ ಓಸ್ಮಾನ್ ಹಳೆಯ ಕೇರಿಗಳನ್ನು ಸೀಳಿ ವಿಶಾಲವಾದ ರಸ್ತೆಗಳನ್ನು ತೆಗೆಸಿದನು. ನಗರ ಬೆಳೆದಂತೆ ಆಕ್ಟ್ರಾಯ್ ಮೊದಲಾದ ಆದಾಯಗಳೂ ಬೆಳೆದು ಸಾಲ ತಾನಾಗಿ ತೀರುವುದೆಂಬ ನಂಬಿಕೆಯಿಂದ ಅಪಾರವಾದ ಸಾಲವನ್ನು ಎತ್ತಲಾಯಿತು. ರಸ್ತೆಗಳೇನೋ ಉಳಿದುವು, ಸಾಲದ ಹೊರೆಯೂ ಅವನು ಅಧಿಕಾರದಿಂದ ಇಳಿದ ಎಷ್ಟೋ ವರ್ಷಗಳವರೆಗೆ ನಗರದ ಮೇಲೆ ಉಳಿಯಿತು. ಬೀದಿಯ ಪಕ್ಕದ ನೆಲದ ಬೆಲೆಯೇರಿಕೆಯ ಬಹುಭಾಗವಂತೂ ನೆಲದ ಒಡೆಯರಿಗೆ ಸಂದಿತು.

೩. ಬಡಾವಣೆಗಳ ಕಾಲ

೧೮೯೮ರ ಪ್ಲೇಗು ಮೈಸೂರು ಸಂಸ್ಥಾನದ ನಗರಯೋಜನೆಗೆ ಹೊಸ ತಿರುವನ್ನು ಕೊಟ್ಟಿತು. ಇಕ್ಕಟ್ಟಾದ ಹಳೆಯ ಪೇಟೆಗಳನ್ನು ತೆರವುಮಾಡಿ ಹೊರಗೆ ಬಡಾವಣೆಗಳನ್ನು ರಚಿಸುವುದೇ ಸರಿಯಾದ ಮಾರ್ಗವೆಂಬ ಅಭಿಪ್ರಾಯ ಬಲವಾಯಿತು. ಅದೇ ವರ್ಷ ಮುಂಬಯಿಯಲ್ಲಿ ನಗರಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು; ೧೯೦೩ರಲ್ಲಿ ಮೈಸೂರು ನಗರಕ್ಕೂ, ೧೯೪೫ರಲ್ಲಿ ಬೆಂಗಳೂರಿಗೂ ಅಂತಹ ಮಂಡಲಿಗಳು ಏರ್ಪಟ್ಟುವು. ಇವುಗಳ ಹಣಕಾಸಿನ ಕ್ರಮ ಸರಳವಾದುದು. ಊರಿನ ಅಂಚಿನ ಹೊಲವನ್ನು ವ್ಯವಸಾಯದ ಬೆಲೆಗೆ ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಮಾಡಿ, ನಿವೇಶನಗಳಾಗಿ ವಿಂಗಡಿಸಿ ಮಾರುವುದು; ಮೂಲೆ ನಿವೇಶನಗಳನ್ನೂ ಅಂಗಡಿಗಳ ನಿವೇಶನಗಳನ್ನೂ ಹರಾಜಿನಲ್ಲಿ ಹೆಚ್ಚಿನ ಬೆಲೆಗೆ ಮಾರಿ ವೆಚ್ಚವನ್ನು ಸರಿದೂಗಿಸುವುದು. ಇಲ್ಲಿ ಬೆಲೆಯೇರಿಕೆಯ ಒಂದು ಪಾಲು ಸಾರ್ವಜನಿಕ ಸಂಸ್ಥೆಗೆ ದೊರೆಯಿತೆಂಬುದು ನಿಜ. ಆದರೆ ಭೂಮಿಯನ್ನು ಕಳೆದುಕೊಂಡ ರೈತನಿಗೆ ಆ ಪಾಲಿನಲ್ಲಿ ಹಕ್ಕಿರಲಿಲ್ಲ. ೧೮೯೪ರ ಭೂಸ್ವಾಧೀನ ಕಾಯ್ದೆಯ ಸ್ಥಾನದಲ್ಲಿ ೨೦೧೩ರ ಕಾಯ್ದೆ ಬರುವವರೆಗೂ ಈ ಕೊರತೆ ಬಹುಮಟ್ಟಿಗೆ ಮುಂದುವರಿಯಿತು.

ಇನ್ನೊಂದು ಮಾರ್ಗವೂ ಕಾಯ್ದೆಯಲ್ಲಿ ಇದ್ದಿತು. ಸಾರ್ವಜನಿಕ ಕಾಮಗಾರಿಯಿಂದ ಯಾರ ನೆಲದ ಬೆಲೆ ಹೆಚ್ಚುವುದೋ ಅವರಿಂದ ಆ ಹೆಚ್ಚಳದ ಒಂದು ಭಾಗವನ್ನು ಪಡೆಯಬೇಕೆಂಬ ವಾದವು ಲಂಡನ್ನಿನಲ್ಲಿ ೧೮೯೦ರ ದಶಕದಲ್ಲಿ ಪ್ರಬಲವಾಗಿ, ೧೮೯೫ರಲ್ಲಿ ಟವರ್ ಸೇತುವೆಯ ದಕ್ಷಿಣ ರಸ್ತೆಯ ಸಂಬಂಧದಲ್ಲಿ ಕಾನೂನಿನ ರೂಪವನ್ನು ಪಡೆಯಿತು. ಈ ಸುಧಾರಣಾ ಶುಲ್ಕದ ತತ್ತ್ವವನ್ನು ೧೯೬೧ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ, ೧೯೮೭ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೂ ಅಂಗೀಕರಿಸಿವೆ. ತುಮಕೂರಿನ ನಗರಾಭಿವೃದ್ಧಿ ಪ್ರಾಧಿಕಾರ ಕೆಲಸಮಾಡುತ್ತಿರುವುದು ಈ ಎರಡು ಕಾಯ್ದೆಗಳ ಚೌಕಟ್ಟಿನಲ್ಲಿ. ನೆಲದ ಒಡೆಯರೆಲ್ಲರ ಭೂಮಿಯನ್ನು ಒಟ್ಟುಗೂಡಿಸಿ, ರಸ್ತೆ ಬಯಲುಗಳಿಗೆ ಬೇಕಾದುದನ್ನು ತೆಗೆದಿಟ್ಟು, ಉಳಿದುದನ್ನು ಹಂಚುವ ಕ್ರಮವು ೧೯೧೫ರ ಬೊಂಬಾಯಿ ಕಾಯ್ದೆಯಿಂದ ಮೊದಲಾಗಿ ಗುಜರಾತಿನಲ್ಲಿ ಚೆನ್ನಾಗಿ ಬೇರೂರಿತು. ನಮ್ಮಲ್ಲಿ ಮಾತ್ರ ಅದು ವಿರಳವಾಗಿಯೇ ಬಳಕೆಗೆ ಬಂದಿತು. ಪರಿಣಾಮವಾಗಿ ತುಮಕೂರಿನಂತಹ ನಗರದಲ್ಲಿ ಹೊಸ ಬಡಾವಣೆಗಳಿಗೆ ಯೋಜನೆ ದೊರೆಯಿತು. ಮಂಡಿಪೇಟೆ, ಚಿಕ್ಕಪೇಟೆಗಳಂತಹ ಹಳೆಯ ಪೇಟೆಗಳಿಗೂ, ವ್ಯಾಪಾರವು ತಾನಾಗಿ ಹರಡಿಕೊಂಡ ಬಿ.ಎಚ್. ರಸ್ತೆಯಂತಹ ಹೆದ್ದಾರಿಯ ಬದಿಗೂ ಅದು ಅಷ್ಟಾಗಿ ದೊರೆಯಲಿಲ್ಲ.

೪. ನಿಯಂತ್ರಿತ ಮಾರುಕಟ್ಟೆಯ ನಿದರ್ಶನ

ಸಗಟು ವ್ಯಾಪಾರದ ವಿಷಯದಲ್ಲಿ ಬೇರೆಯೊಂದು ವ್ಯವಸ್ಥೆ ಬೆಳೆಯಿತು. ೧೯೩೯ರ ಮೈಸೂರು ಕಾಯ್ದೆಯೂ, ಏಕೀಕರಣದ ಅನಂತರ ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯ್ದೆಯೂ ಇದಕ್ಕೆ ಆಧಾರ. ಮಾರುಕಟ್ಟೆಯಲ್ಲಿ ನಡೆಯುವ ವ್ಯವಹಾರದ ಮೇಲೆ ಶುಲ್ಕವನ್ನು ವಿಧಿಸಿ, ಆ ಹಣದಿಂದಲೇ ಪ್ರಾಂಗಣ, ಹರಾಜುಕಟ್ಟೆ, ಗೋದಾಮು, ರಸ್ತೆಗಳನ್ನು ನಿರ್ಮಿಸುವುದು ಈ ಕಾಯ್ದೆಯ ಕ್ರಮ. ರೈತರ ಮತ್ತು ವರ್ತಕರ ಪ್ರತಿನಿಧಿಗಳು ಸಮಿತಿಯಲ್ಲಿ ಕುಳಿತು ತೀರ್ಮಾನಿಸುವರು. ತುಮಕೂರಿನ ಬಟವಾಡಿಯ ಪ್ರಾಂಗಣವೂ, ನಗರದ ಹೊರವಲಯದ ಅಂತರಸನಹಳ್ಳಿಯ ತರಕಾರಿ ಹಣ್ಣುಗಳ ಮಾರುಕಟ್ಟೆಯೂ ಸಗಟು ವ್ಯಾಪಾರವು ಊರ ನಡುವಿನಿಂದ ಅಂಚಿಗೆ ಸರಿದುದರ ನಿದರ್ಶನಗಳು. ಲಾರಿಗಳ ಸಂಚಾರಕ್ಕೆ ಸ್ಥಳ, ತೂಕದ ಮೇಲೆ ನಿಗಾ, ಬಹಿರಂಗವಾದ ಹರಾಜು, ಇವು ರೈತನಿಗೆ ದೊರೆಯಬಹುದಾದ ಲಾಭಗಳು.

ಹೀಗಿದ್ದರೂ ಈ ಸ್ಥಳಾಂತರದಲ್ಲಿ ಎಲ್ಲರ ಗತಿಯೂ ಒಂದೇ ಆಗಿರುವುದಿಲ್ಲ. ಮಂಡಿಯ ಸಾಹುಕಾರನಿಗೆ ಹೊಸ ಪ್ರಾಂಗಣದಲ್ಲಿ ಮಳಿಗೆ ದೊರೆಯುತ್ತದೆ. ಅವನ ಮಂಡಿಯ ಮುಂದೆ ಬುಟ್ಟಿಯಿಟ್ಟು ಮಾರುತ್ತಿದ್ದವಳು, ಹಮಾಲಿ, ಚಹದ ಅಂಗಡಿಯವನು, ಗೋಣಿಚೀಲ ಹೊಲಿಯುವವನು, ಇವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ವ್ಯಾಪಾರದ ಹಣ ವ್ಯಾಪಾರದ ಸ್ಥಳಕ್ಕೇ ವಿನಿಯೋಗವಾಗುವುದು ಈ ವ್ಯವಸ್ಥೆಯ ಶಕ್ತಿ. ವ್ಯಾಪಾರವೆಂದರೆ ಲೈಸೆನ್ಸು ಪಡೆದವರ ವ್ಯಾಪಾರವಷ್ಟೇ ಎಂದು ಭಾವಿಸುವುದು ಅದರ ಮಿತಿ. ೨೦೨೦ರ ತಿದ್ದುಪಡಿಯು ಸಮಿತಿಯ ನಿಯಂತ್ರಣವನ್ನು ಪ್ರಾಂಗಣದ ಒಳಗಿನ ವ್ಯವಹಾರಕ್ಕೆ ಸೀಮಿತಗೊಳಿಸಿದಾಗ, ಆದಾಯದ ಮೂಲಕ್ಕೇ ಧಕ್ಕೆ ಬಂದರೆ ಇಂತಹ ಸಂಸ್ಥೆ ಎಷ್ಟು ಬೇಗ ದುರ್ಬಲವಾಗಬಹುದೆಂಬ ಪ್ರಶ್ನೆ ಎದ್ದಿತು.

೫. ಆಕ್ಟ್ರಾಯ್ ಹೋದ ಮೇಲೆ

ಈ ಇತಿಹಾಸದಲ್ಲಿ ೧೯೭೯ನೆಯ ವರ್ಷವನ್ನು ಒಂದು ಗಡಿಗಲ್ಲೆಂದು ನಾವು ಭಾವಿಸುತ್ತೇವೆ. ಆ ವರ್ಷ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ಸುಂಕದ ಕಟ್ಟೆಗಳು ಹೋದುದು ವರ್ತಕರಿಗೂ ಜನಕ್ಕೂ ನೆಮ್ಮದಿಯನ್ನು ತಂದಿತು. ಆದರೆ ಅದರ ಸ್ಥಾನದಲ್ಲಿ ಬಂದ ಪ್ರವೇಶ ತೆರಿಗೆ ರಾಜ್ಯ ಸರ್ಕಾರದ್ದು. ಪುರಸಭೆಗೆ ದೊರೆತುದು ಪರಿಹಾರದ ಅನುದಾನ. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು ಆ ಪ್ರವೇಶ ತೆರಿಗೆಯೂ ಅದರಲ್ಲಿ ಲೀನವಾಯಿತು. ಪೇಟೆ ಬೆಳೆದರೂ ಬೆಳೆಯದಿದ್ದರೂ ಪುರಸಭೆಯ ಕೈಗೆ ಬರುವ ಹಣ ಮೇಲಿನವರ ಸೂತ್ರದಂತೆ ನಿಗದಿಯಾಗತೊಡಗಿತು. ಪೇಟೆಯ ಏಳಿಗೆಗೂ ಊರಿನ ಬೊಕ್ಕಸಕ್ಕೂ ನೂರು ವರ್ಷಗಳಷ್ಟು ಕಾಲ ಇದ್ದ ನಂಟು ಹೀಗೆ ಸಡಿಲವಾಯಿತು.

ಅದೇ ಕಾಲಕ್ಕೆ, ೧೯೭೯-೮೦ರಲ್ಲಿ, ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿಯ ಕೇಂದ್ರ ಯೋಜನೆ ಆರಂಭವಾದುದು ಗಮನಾರ್ಹ. ಮಾರುಕಟ್ಟೆ, ಬಸ್ ನಿಲ್ದಾಣ, ವಾಣಿಜ್ಯ ಮಳಿಗೆಗಳ ಸಂಕೀರ್ಣ ಮೊದಲಾದುವಕ್ಕೆ ಈ ಯೋಜನೆಯಲ್ಲಿ ಹಣ ದೊರೆಯುತ್ತಿದ್ದಿತು. ಸ್ವಂತ ಆದಾಯ ಕುಗ್ಗಿದ ಪುರಸಭೆಗಳಿಗೆ ಬಾಡಿಗೆ ತರುವ ಮಳಿಗೆಗಳೇ ಅಭಿವೃದ್ಧಿಯೆಂದು ತೋರಿದುದು ಸಹಜ. ೧೯೯೩ರಲ್ಲಿ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಸ್ಥಾಪಿತವಾಯಿತು. ೧೯೯೫ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ೮.೫ ಕೋಟಿ ಡಾಲರುಗಳ ಸಾಲವನ್ನು ಮಂಜೂರುಮಾಡಿತು. ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣ ಎಂಬ ನಾಲ್ಕು ಊರುಗಳಿಗೆ ಉದ್ದಿಷ್ಟವಾಗಿದ್ದ ಈ ಯೋಜನೆಯ ಗುರಿ, ಬೆಂಗಳೂರಿನ ಬೆಳವಣಿಗೆಯ ಒತ್ತಡವನ್ನು ಸುತ್ತಣ ನಗರಗಳಿಗೆ ಹಂಚುವುದು. ತುಮಕೂರು ಬೆಂಗಳೂರಿನ ಹೊರನಗರವೆಂಬ ಭಾವನೆಗೆ ಸರ್ಕಾರದ ಹಣಕಾಸಿನ ಮುದ್ರೆ ಬಿದ್ದುದು ಈ ಯೋಜನೆಯಿಂದ ಎನ್ನಬಹುದು.

೨೦೧೬ರ ಸೆಪ್ಟೆಂಬರಿನಲ್ಲಿ ತುಮಕೂರು ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಈ ಯೋಜನೆಯ ನಿಯಮದಂತೆ ಪ್ರತಿ ನಗರಕ್ಕೂ ಕೇಂದ್ರ ಸರ್ಕಾರ ೫೦೦ ಕೋಟಿ ರೂಪಾಯಿಗಳವರೆಗೆ ಕೊಡುವುದು. ಅಷ್ಟೇ ಮೊತ್ತವನ್ನು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಹೊಂದಿಸುವುದು. ಕಾರ್ಯನಿರ್ವಹಣೆಗೆ ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ರಚಿತವಾಯಿತು. ಇಂತಹ ಕಂಪನಿಗಳಲ್ಲಿ ರಾಜ್ಯ ಸರ್ಕಾರಕ್ಕೂ ನಗರದ ಸಂಸ್ಥೆಗೂ ಸಮನಾದ ಷೇರುಗಳಿರುತ್ತವೆ. ನಗರದ ನಡುವಣ ಮುಖ್ಯ ರಸ್ತೆಗಳು, ಅಮಾನಿಕೆರೆಯ ಆವರಣ, ಕ್ರೀಡಾಂಗಣ ಮೊದಲಾದುವು ಈ ಯೋಜನೆಯಲ್ಲಿ ಹೊಸ ರೂಪ ತಳೆದುವು. ದೇವರಾಜ ಅರಸು ಅವರ ಹೆಸರನ್ನು ಹೊತ್ತ ಹೊಸ ಬಸ್ ನಿಲ್ದಾಣ ೨೦೨೪ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಯೋಜನೆಯ ಅವಧಿ ೨೦೨೫ರ ಮಾರ್ಚಿಗೆ ಮುಗಿಯಿತು.

ಈ ಕಾಮಗಾರಿಗಳಿಂದ ನಗರಕ್ಕೆ ಅನುಕೂಲವಾಗಿಲ್ಲವೆಂದು ಹೇಳುವುದು ನ್ಯಾಯವಾಗದು. ವಿಚಾರಮಾಡಬೇಕಾದುದು ಹಣದ ಗತಿಯನ್ನು. ಒಂದು ರಸ್ತೆ ಅಗಲವಾಗಿ, ಕಾಲುದಾರಿ ನೇರವಾಗಿ, ಚರಂಡಿ ಮುಚ್ಚಿದೊಡನೆ ಅದರ ಇಕ್ಕೆಲದ ಕಟ್ಟಡಗಳ ಬಾಡಿಗೆ ಏರುತ್ತದೆ. ಆ ಏರಿಕೆಯಲ್ಲಿ ಸಾರ್ವಜನಿಕರಿಗೆ ಮರಳಿ ಬರುವುದು ಆಸ್ತಿತೆರಿಗೆಯ ಮೂಲಕ ಮಾತ್ರ. ೨೦೦೧ರ ತಿದ್ದುಪಡಿಯಿಂದ ಆಸ್ತಿತೆರಿಗೆಯು ಸ್ವತ್ತಿನ ಬಂಡವಾಳ ಮೌಲ್ಯವನ್ನು ಆಧರಿಸುವಂತಾದುದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆಯೇ ಸರಿ. ಆದರೆ ತೆರಿಗೆಯೂ ಏರಿದಾಗ ಬಾಡಿಗೆಗಿರುವ ಸಣ್ಣ ಅಂಗಡಿಯವನಿಗೆ ಭಾರ ಎರಡು ಬಗೆಯಲ್ಲಿ ತಟ್ಟುತ್ತದೆ: ಮಾಲಿಕನು ಬಾಡಿಗೆಯನ್ನೂ ಏರಿಸುವನು, ತೆರಿಗೆಯನ್ನೂ ಅವನ ಮೇಲೆಯೇ ಹೊರಿಸುವನು. ಹೊರಗಿನ ಹಣ ಬಂದಾಗ ಊರಿನವರು ಅದರ ಲೆಕ್ಕವನ್ನು ಕೇಳುವುದು ಕಡಮೆ ಎಂಬುದು ಇನ್ನೊಂದು ತೊಡಕು. ತಾವು ತೆತ್ತ ಸುಂಕದ ಲೆಕ್ಕವನ್ನು ವರ್ತಕರು ಪುರಸಭೆಯ ಸದಸ್ಯನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಬಹುದಾಗಿದ್ದಿತು. ಕಂಪನಿಯ ನಿರ್ದೇಶಕಮಂಡಲಿಯನ್ನು ಹಾಗೆ ಕೇಳುವುದು ಸುಲಭವಲ್ಲ.

೬. ಕುಣಿಗಲು: ಸರ್ಕಾರಿ ಭೂಮಿಯೇ ಬಂಡವಾಳ

ಕುಣಿಗಲಿನ ಕುದುರೆಫಾರಂ ಟಿಪ್ಪುವಿನ ಕಾಲದಿಂದ ಪ್ರಸಿದ್ಧವಾದುದು. ನಾಲ್ಕುನೂರು ಎಕರೆಗೂ ಮಿಗಿಲಾದ ಈ ಭೂಮಿಯನ್ನು ಸರ್ಕಾರ ೧೯೯೦ರ ದಶಕದಲ್ಲಿ ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿದ್ದಿತು. ಬೆಂಗಳೂರು–ಹಾಸನ ಹೆದ್ದಾರಿಯ ಜೊತೆಗೆ ೨೦೧೭ರಲ್ಲಿ ರೈಲುದಾರಿಯೂ ತೆರೆದ ಮೇಲೆ ಕುಣಿಗಲು ರಾಜಧಾನಿಗೆ ಇನ್ನೂ ಹತ್ತಿರವಾಯಿತು. ೨೦೨೪ರಲ್ಲಿ ಈ ಭೂಮಿಯಲ್ಲಿ ಸಮಗ್ರ ಉಪನಗರವೊಂದನ್ನು ನಿರ್ಮಿಸುವ ಪ್ರಸ್ತಾವವನ್ನು ಸರ್ಕಾರ ಮುಂದಿಟ್ಟಿತು. ಪರಂಪರೆಯ ನೆಲೆಯನ್ನು ಉಳಿಸಬೇಕೆಂಬ ವಿರೋಧವೂ ವ್ಯಕ್ತವಾಯಿತು.

ಪರಂಪರೆಯ ಪ್ರಶ್ನೆ ಮುಖ್ಯವಾದುದೇ. ಹಣಕಾಸಿನ ದೃಷ್ಟಿಯಿಂದಲೂ ಇಲ್ಲಿ ಯೋಚಿಸತಕ್ಕ ಅಂಶವಿದೆ. ನಗರದ ಮಗ್ಗುಲಿನ ಸರ್ಕಾರಿ ಭೂಮಿ ಎಂದರೆ ಮುಂದೆ ಹುಟ್ಟಲಿರುವ ಬೆಲೆಯ ಭಂಡಾರ. ಅದನ್ನು ಒಮ್ಮೆಗೇ ಮಾರಿದರೆ ಒಂದು ವರ್ಷದ ಮುಂಗಡಪತ್ರಕ್ಕೆ ನೆರವಾಗಬಹುದು. ಭೂಮಿಯ ಒಡೆತನವನ್ನು ಉಳಿಸಿಕೊಂಡು ಅವಧಿಗೊಮ್ಮೆ ಪರಿಷ್ಕರಿಸತಕ್ಕ ಬಾಡಿಗೆಗೆ ಕೊಟ್ಟರೆ ಊರು ಬೆಳೆದಂತೆಲ್ಲ ಆದಾಯ ಬೆಳೆಯಬಹುದು. ಇದಲ್ಲದೆ, ಹೆದ್ದಾರಿಯು ಊರನ್ನು ಬಳಸಿಹೋದ ಮೇಲೆ ಕುಣಿಗಲಿನ ಹಳೆಯ ಪೇಟೆಯ ವ್ಯಾಪಾರಕ್ಕೆ ಈಗಾಗಲೇ ಪೈಪೋಟಿಯುಂಟು. ಸಾರ್ವಜನಿಕ ಹಣದಿಂದ ಹೊಸದೊಂದು ವಾಣಿಜ್ಯಕೇಂದ್ರವನ್ನು ಊರಾಚೆ ಎಬ್ಬಿಸಿದರೆ ಹಳೆಯ ಪೇಟೆಯ ವ್ಯಾಪಾರವನ್ನು ಅಲ್ಲಿಗೆ ಸಾಗಿಸಿದಂತಾಗುವುದೇ ಹೊರತು ಒಟ್ಟು ವ್ಯಾಪಾರ ಹೆಚ್ಚಿದಂತಾಗುವುದೆಂಬ ಭರವಸೆಯಿಲ್ಲ. ಗುಬ್ಬಿಯಿಂದ ರೈಲು ಮುಂದೆ ಸಾಗಿದಾಗ ಆದುದನ್ನು ಇಲ್ಲಿ ಸ್ಮರಿಸಬೇಕು.

೭. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ನಮಗೆ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಪೇಟೆಗೆ ಮಾಡುವ ಸಾರ್ವಜನಿಕ ವೆಚ್ಚಕ್ಕೂ ಆ ಪೇಟೆಯಿಂದ ಬರುವ ಆದಾಯಕ್ಕೂ ಕಾಣುವಂತಹ ಸಂಬಂಧವಿರಬೇಕು. ಸುಂಕದ ಕಟ್ಟೆಯನ್ನು ಮತ್ತೆ ಕಟ್ಟಬೇಕೆಂದು ಇದರ ಅರ್ಥವಲ್ಲ. ಸುಧಾರಣಾ ಶುಲ್ಕವು ಕಾಯ್ದೆಯಲ್ಲಿಯೇ ಇದೆ; ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೫೨ರಿಂದ ರೂಢಿಗೆ ಬಂದಂತೆ, ಪುನಾರಚಿತ ಪ್ರದೇಶದಲ್ಲಿ ಹೆಚ್ಚಿದ ಆಸ್ತಿತೆರಿಗೆಯನ್ನು ಪ್ರತ್ಯೇಕವಾಗಿಟ್ಟು ಆ ಪ್ರದೇಶದ ಸಾಲ ತೀರಿಸಲು ಬಳಸುವ ಕ್ರಮವೂ ಉಂಟು. ಆದರೆ ನಿರೀಕ್ಷಿಸಿದ ಏರಿಕೆ ಬರದಿದ್ದರೆ ಪ್ಯಾರಿಸಿನಂತೆ ಸಾಲ ಮಾತ್ರ ಉಳಿದೀತೆಂಬ ಎಚ್ಚರವೂ ಬೇಕು. ಅದೇ ಕ್ಯಾಲಿಫೋರ್ನಿಯವು ೨೦೧೨ರಲ್ಲಿ ತನ್ನ ಪುನಾರಚನಾ ಮಂಡಲಿಗಳನ್ನು ವಿಸರ್ಜಿಸಿತು.

ಎರಡನೆಯದಾಗಿ, ಪೇಟೆಯ ಬೆಲೆಯನ್ನು ಹುಟ್ಟಿಸುವವರಲ್ಲಿ ಬುಟ್ಟಿಯವಳಿಗೂ ತಳ್ಳುಗಾಡಿಯವನಿಗೂ ಪಾಲುಂಟು. ೨೦೧೪ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳು ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ಇರಬೇಕೆಂದು ವಿಧಿಸುತ್ತದೆ. ಪುನಾರಚನೆಯ ನಕ್ಷೆಯು ಸಿದ್ಧವಾದ ಮೇಲೆ ಅವರಿಗೆ ಸ್ಥಳ ಹುಡುಕುವುದಕ್ಕಿಂತ ನಕ್ಷೆ ಬರೆಯುವಾಗಲೇ ಅವರ ಸ್ಥಳವನ್ನು ಗುರುತಿಸುವುದು ನ್ಯಾಯವೂ ಹೌದು, ಮಿತವ್ಯಯವೂ ಹೌದು. ಮೂರನೆಯದಾಗಿ, ಹಣ ಎಲ್ಲಿಂದ ಬಂದರೂ ತೀರ್ಮಾನವು ಊರಿನ ಚುನಾಯಿತ ಸಭೆಯ ಮುಂದೆ ಬರಬೇಕು.

ಈ ವಿಷಯ ಕೇವಲ ಗತಕಾಲದ ಚರಿತ್ರೆಯಲ್ಲ. ಬೆಂಗಳೂರಿನ ಮೆಟ್ರೊ ರೈಲನ್ನು ತುಮಕೂರಿನವರೆಗೆ ವಿಸ್ತರಿಸುವ ಸಾಧ್ಯತೆಯ ಪರಿಶೀಲನೆಯನ್ನು ೨೦೨೪-೨೫ರ ರಾಜ್ಯ ಮುಂಗಡಪತ್ರದಲ್ಲಿ ಪ್ರಕಟಿಸಲಾಯಿತು. ಅಂತಹ ದಾರಿಯ ಮಾತು ಹಬ್ಬಿದರೆ ಸಾಕು, ಕಂಬಿ ಹಾಕುವುದಕ್ಕೆ ಮೊದಲೇ ಇಕ್ಕೆಲದ ನೆಲದ ಬೆಲೆ ಏರುತ್ತದೆ. ಆ ಏರಿಕೆಯ ಪಾಲನ್ನು ಊರಿಗೆ ಉಳಿಸಿಕೊಡುವ ನಿಯಮಗಳು ಅದಕ್ಕಿಂತ ಮುಂಚೆ ಸಿದ್ಧವಾಗಬೇಕು. ಸಂತೆಗೆ ಮಾನ್ಯ ಕೊಟ್ಟ ಅರಸನೂ, ಅದನ್ನು ಪಡೆದ ಪಟ್ಟಣಸ್ವಾಮಿಯೂ ಲಾಭನಷ್ಟಗಳ ಕರಾರನ್ನು ಮೊದಲೇ ಕಲ್ಲಿನಲ್ಲಿ ಬರೆಯಿಸಿಡುತ್ತಿದ್ದರು. ಆ ಕ್ರಮವು ಇಂದಿನ ಯೋಜಕರಿಗೂ ಅನುಸರಣೀಯವಾಗಿದೆ.